ಒಂದು ಲೋಟ ಉಸಿರು

ಅಂಗಡಿಯವನು ತೇವ ಹೀರುವ ಮೂರು ಮಷೀನುಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟು, ಮೂವರು ಮಕ್ಕಳ ಗುಣಾವಗುಣ ಒಪ್ಪಿಸುವ ತಂದೆಯ ಹಾಗೆ ಒಂದೊಂದರ ತಲೆ ಮುಟ್ಟಿ ಹೇಳತೊಡಗಿದ.

"ಈ ಚಿಕ್ಕದು ಸಾಧು. ಸದ್ದಿಲ್ಲ, ಕರೆಂಟು ತಿನ್ನಲ್ಲ, ಕೆಲಸಾನೂ ಮಾಡಲ್ಲ. ಬೀರು ಒಳಗಡೆ ಇಟ್ಕೊಳ್ಳೋಕೆ ಸರಿ. ಇನ್ನು ಇದು ಫ್ರಿಜ್ಜಿನ ತಮ್ಮ ಅಂದ್ಕೊಳ್ಳಿ. ಒಳಗೆ ತಣ್ಣಗಿರೋ ಕೊಳವೆ ಇದೆ, ಗಾಳೀಲಿರೋ ತೇವ ಅದರ ಮೇಲೆ ಕೂತು ತೊಟ್ಟಿಕ್ಕುತ್ತೆ. ಮನೆಗಾದ್ರೆ ಇದನ್ನೇ ಕೊಡ್ತಿದ್ದೆ. ನೀವು ಗಾಡೀಲಿ ವಾಸ ಅಂತೀರಿ. ಗಾಡಿ ತಗಡು ಚಳೀಲಿ ಮನೆಗಿಂತ ತಣ್ಣಗಾಗುತ್ತೆ, ಆಗ ಈ ಕೊಳವೆ ಮೇಲೆ ಹಿಮ ಕಟ್ಟಿ ಇದು ಮುನಿಸಿಕೊಂಡು ಕೂತುಬಿಡುತ್ತೆ. ಭಾರ ಬೇರೆ. ಮೂರನೇದು ನೋಡಿ. ಹೊಸ ಷೂ ಡಬ್ಬೀಲಿ ಪುಟ್ಟ ಪೊಟ್ಟಣ ಇರುತ್ತಲ್ಲ, ತೇವ ಹೀರೋದು? ಅಂಥದೇ ಪದಾರ್ಥದ ಚಕ್ರ ಇದರೊಳಗೆ ತಿರುಗುತ್ತೆ. ಚಳಿಗೆ ಅಂಜಲ್ಲ, ಹಗುರ. ಕರೆಂಟು ಸ್ವಲ್ಪ ಜಾಸ್ತಿ ಕುಡಿಯುತ್ತೆ. ಬಿಸಿಗಾಳಿ ಬಿಡುತ್ತೆ, ಅದು ನಿಮಗೆ ಲಾಭಾನೇ."

ಬಡಗಿ ಮೂರನೆಯದರ ಮೈಯನ್ನು ಗೆಣ್ಣಿನಿಂದ ತಟ್ಟಿ ನೋಡಿದ. ಮರವಲ್ಲದ ಯಾವುದನ್ನು ತಟ್ಟಿದರೂ ಅವನ ಮುಖ ಹುಳಿ ತಿಂದ ಹಾಗಾಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಕರ್ಚೀಫನ್ನು ಬಾಯಿಂದ ತೆಗೆದು ಕೇಳಿದಳು: "ಇದು ತಗೊಂಡ್ರೆ ಕೆಮ್ಮು ಹೋಗುತ್ತಾ?"

"ಗೋಡೆ ಬೂಷ್ಟು ಹೋದ್ರೆ ಕೆಮ್ಮೂ ಹೋಗುತ್ತಮ್ಮ. ಆದ್ರೆ ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡ್ಕೊಳ್ಳಿ. ಮೇಲಿಂದ ಸೋರ್ತಿದ್ರೆ ಯಾವ ಮಷೀನು ತಗೊಂಡೂ ಪ್ರಯೋಜನ ಇಲ್ಲ. ಸೋರ್ತಿದೆಯಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಬಡಗಿ, "ಸೋರಲ್ಲ. ಗಾಡಿ ಕಟ್ಟಿದ್ದು ನಾನೇ," ಅಂದ. ಅಷ್ಟರಿಂದಲೇ ಆ ಮಾತು ಮುಗಿಯಿತು ಎನ್ನುವ ಹಾಗೆ.

"ಹಾಗಾದ್ರೆ ಉಳಿದದ್ದು ಅಡುಗೆ ಹಬೆ, ಒದ್ದೆ ಬಟ್ಟೆ, ಉಸಿರು," ಎಂದು ಅಂಗಡಿಯವನು ಬೆರಳು ಮಡಚಿದ. "ನಂಬ್ತೀರೋ ಇಲ್ವೋ, ಮನುಷ್ಯ ಮಲಗಿ ಏಳೋದರೊಳಗೆ ಒಂದು ಲೋಟ ನೀರನ್ನ ಉಸಿರಲ್ಲೇ ಬಿಟ್ಟಿರ್ತಾನೆ."

ಬಡಗಿ ತಿರುಗಿ ಹೆಂಡತಿಯನ್ನು ನೋಡಿದ. ಅವಳು ಆಗಷ್ಟೇ ಮತ್ತೆ ಕೆಮ್ಮುತ್ತಿದ್ದಳು. ಎರಡು ತಿಂಗಳಿಂದ ಹುಡುಕುತ್ತಿದ್ದ ಕಳ್ಳ ಪಕ್ಕದಲ್ಲೇ ನಿಂತಿರುವುದು ಕಂಡವನ ನೋಟ ಅದು. ಗಂಡಸು ಉಸಿರಾಡಿದರೂ ಒಂದು ಲೋಟವೇ ಎಂಬ ಲೆಕ್ಕ ಅವನಿಗೆ ಹೊಳೆಯಲಿಲ್ಲ. ಹೊಳೆಯಬೇಕಾದ್ದು ಹೊಳೆಯದೆ, ಬೇಕಾದ್ದು ಮಾತ್ರ ಹೊಳೆಯುವ ತಲೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ.

ಮೂರನೆಯ ಮಷೀನನ್ನೇ ಕೊಂಡರು. ಆಯ್ಕೆ ಸರಿಯಾಗಿಯೇ ಇತ್ತು. ಆ ಮಟ್ಟಿಗೆ ಬಡಗಿಯ ಮೇಲೆ ಯಾರೂ ಬೆರಳು ಮಾಡುವ ಹಾಗಿಲ್ಲ.

ಅವರ ಗಾಡಿ ಮೊದಲು ಮಿನಿಬಸ್ಸಾಗಿತ್ತು. ಬಡಗಿ ಅದರ ಸೀಟುಗಳನ್ನು ಕಿತ್ತೆಸೆದು, ಎರಡು ವರ್ಷ ಕೂತು, ಒಳಗೆ ಮನೆ ಕಟ್ಟಿದ್ದ. ಮಂಚ, ಅಡುಗೆ ಕಟ್ಟೆ, ಮಡಚಿಡುವ ಮೇಜು, ಹೆಂಡತಿಯ ಹೊಲಿಗೆ ಮಷೀನಿಗೆ ಒಂದು ಮೂಲೆ. ನಾಲ್ಕೂ ಕಡೆ ಪ್ಲೈವುಡ್ಡಿನ ಗೋಡೆ. ಎಲ್ಲಿ ಹುಡುಕಿದರೂ ಒಂದು ಮೊಳೆಯಿಲ್ಲ, ಒಂದು ಸ್ಕ್ರೂ ಇಲ್ಲ. ಒಂದು ಹಲಗೆಯ ಹಲ್ಲು ಇನ್ನೊಂದರ ಬಾಯಲ್ಲಿ ಕೂತು, ನಡುವೆ ಅಂಟು, ಅದರ ಮೇಲೆ ಮರದ ಬೆಣೆ. ಒಮ್ಮೆ ಕೂಡಿಸಿದ್ದನ್ನು ಒಡೆಯದೆ ಬಿಡಿಸಲು ಬಾರದು. ಕಸುಬಿನವರು ಅವನನ್ನು 'ಮೊಳೆಯಿಲ್ಲದ ಮೇಸ್ತ್ರಿ' ಎನ್ನುತ್ತಿದ್ದರು. ಅರ್ಧ ಹೊಗಳಿಕೆ, ಅರ್ಧ ಗೇಲಿ. ಅವನು ಹೊಗಳಿಕೆಯ ಅರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದ.

ಊರೂರಿನ ಅಡುಗೆಮನೆಗಳಿಗೆ ಕಪಾಟು ಕಟ್ಟುವುದು ಅವನ ಕೆಲಸ. ಕೆಲಸ ಇದ್ದಲ್ಲಿಗೆ ಮನೆಯನ್ನೇ ಓಡಿಸಿಕೊಂಡು ಹೋಗಬಹುದು ಎಂದು ಬಾಡಿಗೆ ಮನೆ ಬಿಟ್ಟರು. ಬಟ್ಟೆ ಹೊಲಿಯುವ ಹೆಂಡತಿ ತನ್ನ ಗಿರಾಕಿಗಳನ್ನು ಬಿಟ್ಟಳು. ಅವಳು ಬಿಟ್ಟದ್ದರ ಬಗ್ಗೆ ಯಾರೂ ಹಾಡು ಕಟ್ಟಲಿಲ್ಲ.

ಚಳಿಗಾಲಕ್ಕೆ ಗಾಡಿಯನ್ನು ಒಂದು ಪೀಠೋಪಕರಣ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದರು. ಕರೆಂಟು ಅಲ್ಲಿಂದಲೇ. ಮೊದಲು ಮಂಚದ ತಲೆದೆಸೆಯಲ್ಲಿ, ಆಮೇಲೆ ಹೊಲಿಗೆ ಮಷೀನಿನ ಹಿಂದೆ, ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಮೂಡಿದವು. ಒರೆಸಿದರೆ ಹೋಗುತ್ತಿದ್ದವು, ವಾರ ಕಳೆದರೆ ನೆಂಟರ ಸಮೇತ ಬರುತ್ತಿದ್ದವು. ಅವಳ ಬಳಿ ಹೊಲಿಗೆ ರಿಪೇರಿಗೆ ಬಂದಿದ್ದ ಯಾರದೋ ಬಿಳಿ ಕೋಟಿನ ಬೆನ್ನಿಗೂ ಹತ್ತಿದವು. ಕೋಟಿನವರು ಅವಳ ಮುಖಕ್ಕೇ ಅದನ್ನು ಎಸೆದು ಹೋದರು.

ಆಗ ಅವಳ ತಮ್ಮ ನೋಡಿಕೊಂಡು ಹೋಗಲು ಬಂದಿದ್ದ. ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸ, ಬಾಯಿಗೆ ಬಾಗಿಲಿಲ್ಲದ ಹುಡುಗ. ಒಳಗೆ ಬಂದವನೇ ಮೂಗರಳಿಸಿ ತಲೆಯೆತ್ತಿ ಚಾವಣಿಯ ಕಿಂಡಿ ನೋಡಿದ. ಗಾಳಿಗೆಂದು ಬಡಗಿಯೇ ತಗಡು ಕೊರೆದು, ಮರದ ಚೌಕಟ್ಟು ಕೂರಿಸಿ, ಮರದ ಅಂಟು ಮೆತ್ತಿದ್ದ ಕಿಂಡಿ.

"ಭಾವ, ಇದಕ್ಕೆ ರಬ್ಬರು ಹಾಕಿಲ್ವಾ?"

"ರಬ್ಬರು ಯಾಕೆ? ಕೂದಲು ತೂರಲ್ಲ, ನೋಡು."

"ಕೂದಲು ತೂರಲ್ಲ, ನೀರು ತೂರುತ್ತೆ. ಬಿಸಿಲಿಗೆ ತಗಡು ಹಿಗ್ಗುತ್ತೆ, ಮರ ಹಿಗ್ಗಲ್ಲ. ನೀರಿಗೆ ಮರ ಉಬ್ಬುತ್ತೆ, ತಗಡು ಉಬ್ಬಲ್ಲ. ಎರಡೂ ಬೇರೆ ಬೇರೆ ಹೊತ್ತಿಗೆ ಉಸಿರು ಬಿಡ್ತಾವೆ ಭಾವ. ನಡುವೆ ರಬ್ಬರು ಇಲ್ದಿದ್ರೆ ಸಂಸಾರ ಒಡೆಯುತ್ತೆ. ಗೋಡೆ ಹಲಗೆ ಒಂದು ಬಿಚ್ಚಿ ನೋಡೋಣ, ಹಿಂದೆ ನೀರು ಇಳಿದಿರುತ್ತೆ."

"ಬಿಚ್ಚೋಕೆ ಬರಲ್ಲ. ಒಡೀಬೇಕು."

"ಒಂದೇ ಒಂದು ಸ್ಕ್ರೂ ಹಾಕಿದ್ರೆ ನಿಮ್ಮ ಅಪ್ಪನ ಗಂಟೇನು ಹೋಗ್ತಿತ್ತು? ಇರೋ ಸ್ಕ್ರೂ ಎಲ್ಲಾ ತಲೇಲಿ ಇಟ್ಕೊಂಡ್ರೆ ಲೂಸಾಗ್ತಾವೆ ಭಾವ."

ಅಕ್ಕ ನಕ್ಕುಬಿಟ್ಟಳು. ಆ ನಗುವೇ ಅವಳಿಗೆ ಮುಳುವಾಯಿತು. "ತಗಡು ಬಡಿಯೋನು ನೀನು, ಮರದ ಮಾತು ನಿನಗ್ಯಾಕೆ?" ಎಂದು ಬಡಗಿ ಮೈದುನನನ್ನು ಕಳಿಸಿದ. ಅವಳ ಜೊತೆ ಎರಡು ದಿನ ಮಾತಾಡಲಿಲ್ಲ.

ಹೀಗಿರುವಾಗ ಅಂಗಡಿಯವನ ಲೋಟ ಅವನ ಕೈಗೆ ಸಿಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹಳೆಯ ವೈದ್ಯ. ಹೊಸದೆಂದರೆ ಬರೆಯನ್ನು ಅಳತೆ ಮಾಡಿ ಹಾಕಿದ್ದು.

ಮಷೀನಿನ ಹೊಟ್ಟೆಯಲ್ಲಿ ಎರಡು ಲೀಟರಿನ ಪಾರದರ್ಶಕ ತೊಟ್ಟಿ ಇತ್ತು. ತುಂಬಿದರೆ ಮಷೀನು ತಾನೇ ನಿಲ್ಲುತ್ತಿತ್ತು. ದಿನಾ ಬೆಳಿಗ್ಗೆ ಬಡಗಿ ತೊಟ್ಟಿಯನ್ನು ಹೊರಗೆಳೆದು, ಕಣ್ಣಿನ ಮಟ್ಟಕ್ಕೆ ಹಿಡಿದು, ಕಿವಿಯ ಮೇಲಿನ ಚಪ್ಪಟೆ ಪೆನ್ಸಿಲಿನಿಂದ ನೀರು ನಿಂತಲ್ಲಿ ಗೀಟು ಹಾಕುತ್ತಿದ್ದ. ಲೀಟರಿಗಿಂತ ಒಂದು ಬೆರಳು ಮೇಲೆ. ಮರುದಿನವೂ ಅಲ್ಲೇ.

"ಬಾ ಇಲ್ಲಿ. ನೋಡು ನಿನ್ನ ಕೆಲಸ," ಎಂದು ಹೆಂಡತಿಗೆ ತೋರಿಸುತ್ತಿದ್ದ.

ಮೊದಲು ಅವಳ ಇಸ್ತ್ರಿಪೆಟ್ಟಿಗೆ ನಿಂತಿತು. ಇಸ್ತ್ರಿಯ ಹಬೆಯಿಲ್ಲದೆ ಹೊಲಿಗೆ ಕೂರುವುದಿಲ್ಲ. ಹಾಗಾಗಿ ಹೊಲಿಗೆಯೂ ನಿಂತ ಹಾಗೇ. ಆಮೇಲೆ ಕುಕ್ಕರು ಗಾಡಿಯಿಂದ ಕೆಳಗಿಳಿಯಿತು. ಅವಳು ಅಂಗಳದ ಚಳಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೇಯಿಸಿ ಒಳಗೆ ತಂದು ಬಡಿಸುತ್ತಿದ್ದಳು. ಒಗೆದ ಬಟ್ಟೆ, ಒದ್ದೆ ತಲೆ, ಬಿಸಿನೀರಿನ ಬಕೆಟ್ಟು ಎಲ್ಲಕ್ಕೂ ಹೊರಗೆ ಜಾಗ. ಗೀಟು ಮಾತ್ರ ಕದಲಲಿಲ್ಲ.

"ಇನ್ನೇನು ಉಳಿದಿದೆ?" ಎಂದು ಒಂದು ಬೆಳಿಗ್ಗೆ ಅವಳೇ ಕೇಳಿದಳು.

"ಉಸಿರು."

ಅವನು ತಮಾಷೆಗೆ ಅಂದದ್ದಲ್ಲ. ಅವಳಿಗೂ ಹಾಗೆ ಕೇಳಿಸಲಿಲ್ಲ.

"ನೀವೂ ಉಸಿರಾಡ್ತೀರಲ್ಲ ರೀ."

"ನಾನು ಮೂಗಲ್ಲಿ ಆಡ್ತೀನಿ. ನೀನು ರಾತ್ರಿಯೆಲ್ಲಾ ಬಾಯಿ ಬಿಟ್ಕೊಂಡು ಕೆಮ್ತೀಯ. ಒಂದೊಂದು ಕೆಮ್ಮಿಗೂ ಎಷ್ಟು ಹನಿ ಹಾರುತ್ತೆ ಗೊತ್ತಾ? ಗೋಡೆ ಕಡೆ ತಿರುಗಿ ಮಲಗ್ತೀಯ ಬೇರೆ. ಬೂಷ್ಟು ಎಲ್ಲಿದೆ? ನಿನ್ನ ತಲೆ ಇರೋ ಕಡೆ. ನಿನ್ನ ಹೊಲಿಗೆ ಮಷೀನು ಇರೋ ಕಡೆ. ನನ್ನ ಕಡೆ ಒಂದು ಚುಕ್ಕೆ ತೋರಿಸು ನೋಡೋಣ."

ನಿಜವೇ. ಅವನ ಕಡೆ ಚುಕ್ಕೆಯಿರಲಿಲ್ಲ. ಗಾಡಿ ನಿಂತ ಅಂಗಳ ಅವಳ ಮಗ್ಗುಲಿಗೆ ವಾಲಿತ್ತು. ಚಾವಣಿಗೆ ಬಿದ್ದದ್ದೆಲ್ಲ ಆ ಕಡೆಗೇ ಇಳಿಯುತ್ತಿತ್ತು. ಕಪಾಟು ಕೂರಿಸುವಾಗ ನೆಲದ ವಾಟವನ್ನು ಕೂದಲೆಳೆ ಬಿಡದೆ ನೋಡುವ ಮನುಷ್ಯ, ತನ್ನ ಮನೆ ಎತ್ತ ವಾಲಿದೆ ಎಂದು ನೋಡಲಿಲ್ಲ.

ಅವಳು ಸ್ವಲ್ಪ ಹೊತ್ತು ತನ್ನ ಬೆರಳಿನ ಸೂಜಿ ಗಾಯಗಳನ್ನು ನೋಡುತ್ತ ನಿಂತಳು. ಆಮೇಲೆ, "ಒಂದು ಕೆಲಸ ಮಾಡೋಣ," ಅಂದಳು. "ಮೂರು ರಾತ್ರಿ ನಾನು ಅಮ್ಮನ ಮನೇಲಿರ್ತೀನಿ. ನೀವೊಬ್ರೇ ಮಲಗಿ. ಮೂರನೇ ಬೆಳಿಗ್ಗೆ ತೊಟ್ಟಿ ನೋಡಿ. ನೀರು ಈ ಗೀಟಿಗಿಂತ ಕಮ್ಮಿ ಇದ್ರೆ ತಪ್ಪು ನಂದು. ಇನ್ನು ಯಾವತ್ತೂ ಎದುರು ಮಾತಾಡಲ್ಲ. ಅಷ್ಟೇ ಇದ್ರೆ, ಇಲ್ಲ ಜಾಸ್ತಿ ಇದ್ರೆ, ನೀವು ಗೋಡೆ ಒಡೀಬೇಕು. ಒಪ್ಪಿಗೇನಾ?"

"ಕಮ್ಮಿ ಇರದೆ ಎಲ್ಲಿಗೆ ಹೋಗುತ್ತೆ?"

"ಒಪ್ಪಿಗೇನಾ ಅಂದೆ."

"ಒಪ್ಪಿಗೆ."

"ಫೋಟೋ ಕಳಿಸಿ. ಗೀಟು ಕಾಣೋ ಹಾಗೆ."

ಅವಳು ಒಂದು ಕೈಚೀಲ ಹಿಡಿದು ಬಸ್ಸು ಹತ್ತಿದಳು. ಬಡಗಿ ಗಾಡಿಗೆ ಮರಳಿ ಕಾಲು ಚಾಚಿ ಮಲಗಿದ. ಎಷ್ಟೋ ದಿನದ ಮೇಲೆ ಕೆಮ್ಮಿಲ್ಲದ ನಿದ್ದೆ. ಏಳುವಾಗ ಗೆಲುವಿನ ರಸೀದಿಯನ್ನು ಜೇಬಿನಲ್ಲೇ ಇಟ್ಟುಕೊಂಡವನ ಹಾಗೆ ಎದ್ದು ತೊಟ್ಟಿ ಎಳೆದ.

ನೀರು ಗೀಟಿಗೆ ಸರಿಯಾಗಿತ್ತು. ಒಂದು ಕೂದಲು ಮೇಲಿಲ್ಲ, ಒಂದು ಕೂದಲು ಕೆಳಗಿಲ್ಲ.

ಬಡಗಿ ತೊಟ್ಟಿಯನ್ನು ಅಲ್ಲಾಡಿಸಿದ, ಮತ್ತೆ ಸಮ ಮಾಡಿದ. ಆಮೇಲೆ ಕಾರಣ ಹುಡುಕಿದ. ಕಾರಣಗಳು ಕರೆಯದೇ ಬರುವ ನೆಂಟರು. ಅವಳ ಹಾಸಿಗೆಯಲ್ಲಿ ಅವಳ ಬೆವರು ಇನ್ನೂ ಇದೆಯಲ್ಲ! ದಿಂಬು, ಹೊದಿಕೆ, ಅವಳ ಮಗ್ಗುಲಿನ ಅರ್ಧ ಹಾಸಿಗೆ ಎಲ್ಲವನ್ನೂ ಹೊರಗೆಳೆದು ಕಾರ್ಖಾನೆಯ ಗೋಡೆಗೆ ಒರಗಿಸಿದ. ಅವಳ ನಾಲ್ಕು ಪುಸ್ತಕ, ಹೊಲಿಯದೆ ಉಳಿದಿದ್ದ ಬಟ್ಟೆಯ ಗಂಟು, ಅವೂ ಹೊರಗೆ. ಮಧ್ಯಾಹ್ನ ಮೋಡ ಕಟ್ಟಿತು. ಸಂಜೆಯ ಹೊತ್ತಿಗೆ ಮಳೆ ಹಿಡಿಯಿತು. ಹಾಸಿಗೆಯನ್ನು ಒಳಗೆ ತರಲು ಅವನು ಎದ್ದ, ಮತ್ತೆ ಕೂತ. ತಂದರೆ ಪರೀಕ್ಷೆ ಕೆಡುತ್ತದೆ.

ಎರಡನೆಯ ಬೆಳಿಗ್ಗೆ ನೀರು ಗೀಟಿಗಿಂತ ನಾಲ್ಕು ಬೆರಳು ಮೇಲಿತ್ತು.

ಅವನು ಆ ದಿನ ಕಪಾಟಿನ ಕೆಲಸಕ್ಕೆ ಹೋಗಲಿಲ್ಲ. ಮಂಚದ ಮೇಲೆ ಕೂತು ಮಳೆ ಕೇಳಿದ. ಚಾವಣಿಯ ಮೇಲೆ ಬೀಳುವ ಸದ್ದು ಒಂದು, ಅದರ ಕೆಳಗೆ ಇನ್ನೊಂದು. ಗೋಡೆಯೊಳಗೆ ಯಾರೋ ಹಲ್ಲಿಲ್ಲದ ಬಾಯಲ್ಲಿ ಏನನ್ನೋ ಚೀಪುತ್ತಿರುವ ಹಾಗೆ. ಪ್ಲೈವುಡ್ಡಿಗೆ ಕಿವಿಯಿಟ್ಟ. ಕಿವಿ ತೆಗೆದ. ರೇಡಿಯೋ ಹಾಕಿದ. ಉಳಿ ಮೂರು ಅಡಿ ದೂರದಲ್ಲಿ ತೂಗುತ್ತಿತ್ತು. ಅವನ ಕೈಗೆ ಅದನ್ನು ಹಿಡಿಯಲು ಬಾರದೆಂದಲ್ಲ.

ಮೂರನೆಯ ಬೆಳಿಗ್ಗೆ ಮಷೀನು ನಿಂತಿತ್ತು. ತೊಟ್ಟಿ ಅಂಚಿನವರೆಗೆ ತುಂಬಿ, ಕೆಂಪು ದೀಪ ಹತ್ತಿಕೊಂಡು, ಇನ್ನು ನನ್ನಿಂದಾಗದು ಎಂದು ಕೂತಿತ್ತು.

ಅವನು ತೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಬಾಗಿಲಿಗೆ ತಂದ. ಮೊದಲು ಚೆಲ್ಲಿದ್ದು ನೀರು ಗೀಟಿನ ಕೆಳಗೆ ಇಳಿಯುವಷ್ಟು ಮಾತ್ರ. ಹಿಡಿದು ನೋಡಿದ. ಗೀಟಿಗಿಂತ ಒಂದು ಬೆರಳು ಕಮ್ಮಿ. ಇಷ್ಟು ಸಾಕಿತ್ತು. ಪಂದ್ಯಕ್ಕೆ ಇಷ್ಟೇ ಬೇಕಿದ್ದದ್ದು. ಆದರೆ ಒಂದು ಬೆರಳಿಗೆ ಅವಳ ತಪ್ಪು ತೀರಾ ಚಿಕ್ಕದಾಗಿ ಕಂಡಿತು. ಇನ್ನಷ್ಟು ಚೆಲ್ಲಿದ. ಲೋಟದಷ್ಟು ಕಮ್ಮಿಯಾಯಿತು. ಅಂಗಡಿಯವನ ಮಾತಿಗೆ ಸರಿ ಹೋಯಿತು. ಕೈ ನಿಲ್ಲಲಿಲ್ಲ. ಇಸ್ತ್ರಿಗೆ ಒಂದಿಷ್ಟು, ನಕ್ಕದ್ದಕ್ಕೆ ಒಂದಿಷ್ಟು, ತಮ್ಮನ ಬಾಯಿಗೆ ಒಂದಿಷ್ಟು. ಕೊನೆಗೆ ಅರ್ಧ ಲೀಟರು ಉಳಿಯಿತು. ಬೆಳಕಿಗೆ ಹಿಡಿದು, ಗೀಟು ಚೆನ್ನಾಗಿ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿದ.

ಐದು ನಿಮಿಷಕ್ಕೆ ಫೋನು ಬಂತು.

"ಇಷ್ಟೇನಾ?" ಹೆಂಡತಿಯ ದನಿ.

"ಇಷ್ಟೇ. ಕಣ್ಣಿಗೆ ಕಾಣ್ತಿದೆಯಲ್ಲ."

"ಇಲ್ಲಿ ಎರಡು ದಿನದಿಂದ ಮಳೆ. ಅಲ್ಲಿ ಬಂದಿಲ್ವಾ?"

"ಬಂತು. ಮಳೆ ಬಂದೂ ಇಷ್ಟೇ. ಸೋರಲ್ಲ ಅಂತ ಹೇಳಿದ್ದೆ ತಾನೇ?"

"ಹೇಳಿದ್ರಿ," ಎಂದಳು ಅವಳು. ಗೆದ್ದವನಿಗೆ ಉದಾರಿಯಾಗಲು ಅದಕ್ಕಿಂತ ಒಳ್ಳೆಯ ಸಮಯ ಬೇಕೇ? ಬಡಗಿ ಗಂಟಲು ಸರಿಮಾಡಿಕೊಂಡು, "ಇರಲಿ ಬಿಡು. ಆಗಿದ್ದು ಆಯ್ತು. ಹೊರಟು ಬಾ. ಇನ್ಮೇಲೆ ನೀನು ಬಾಗಿಲ ಹತ್ರ ಮಲಗು, ಬಾಗಿಲಿನ ಗಾಜು ಸ್ವಲ್ಪ ತೆಗೆದಿಡೋಣ. ಬಾಯಿಗೆ ಬಟ್ಟೆ ಕಟ್ಕೊಂಡ್ರೆ ಇನ್ನೂ ಒಳ್ಳೇದು," ಅಂದ.

"ನಾನು ಬರಲ್ಲ ರೀ."

"ಏನಂದೆ?"

"ಕೋಪಕ್ಕೆ ಹೇಳ್ತಿಲ್ಲ." ಅವಳ ದನಿಯಲ್ಲಿ ಕೋಪ ನಿಜಕ್ಕೂ ಇರಲಿಲ್ಲ. "ನೀರು ಜಾಸ್ತಿ ಬಂದಿದ್ರೆ ಇವತ್ತೇ ಬರ್ತಿದ್ದೆ. ತಮ್ಮ ಶೆಡ್ಡಿಗೆ ರಜಾ ಹೇಳಿ ಕೂತಿದಾನೆ, ರಬ್ಬರು, ಪೇಸ್ಟು ಎಲ್ಲಾ ತಂದಿಟ್ಕೊಂಡು. ಮೂರು ಜನ ಸೇರಿದ್ರೆ ಗೋಡೆ ಬಿಚ್ಚಿ ಒಣಗಿಸೋದು ಎರಡು ದಿನದ ಕೆಲಸ ಅಂತಿದ್ದ. ನನಗೂ ಗಾಡೀದೇ ತಪ್ಪಿರಲಿ ಅಂತ ಆಸೆ ಇತ್ತು. ಗಾಡೀದಾದ್ರೆ ರಿಪೇರಿ ಆಗುತ್ತೆ. ನಂದಾದ್ರೆ ಏನು ಮಾಡೋದು? ಬಂದ್ರೆ ಮತ್ತೆ ಕಪ್ಪಾಗುತ್ತೆ. ನಿಮ್ಮ ಎರಡು ವರ್ಷದ ಕೆಲಸ ರೀ ಅದು."

ನಿಜ ಅವನ ನಾಲಿಗೆಯ ತುದಿಗೆ ಬಂದಿತ್ತು. ಚೆಲ್ಲಿದೆ ಕಣೇ, ತೊಟ್ಟಿ ತುಂಬಿತ್ತು, ಹೊರಡಿ ಇಬ್ಬರೂ. ಆರೇಳು ಮಾತು. ಅಷ್ಟನ್ನು ಹೇಳಿದ್ದರೆ ಸಂಜೆಯ ಬಸ್ಸಿಗೆ ಅವಳು ಇಳಿಯುತ್ತಿದ್ದಳು. ಆದರೆ ಅವಳ ಪಕ್ಕದಲ್ಲಿ ತಮ್ಮ ಕೂತಿರುತ್ತಾನೆ, ತೊಡೆ ತಟ್ಟಿ ನಗುತ್ತಾನೆ. ಬಡಗಿ ನಾಲಿಗೆಯನ್ನು ಒಳಗೆಳೆದುಕೊಂಡ.

"ನಿನ್ನಿಷ್ಟ. ಹೊಲಿಗೆ ಮಷೀನು ಯಾರಾದ್ರೂ ಬಂದು ತಗೊಂಡು ಹೋಗ್ಲಿ. ಜಾಗ ಆದ್ರೂ ಆಗುತ್ತೆ," ಅಂದ.

ವಾರ ಕಳೆದು ಭಾನುವಾರ ಬೆಳಿಗ್ಗೆ ಮೈದುನ ಶೆಡ್ಡಿನ ಟೆಂಪೋ ತಂದ. ಅಂಗಳದ ಗೋಡೆಗೆ ಒರಗಿ, ನೆನೆದು, ಒಣಗಿ, ಮತ್ತೆ ನೆನೆದು ಹಸಿರುಗಟ್ಟಿದ್ದ ಅಕ್ಕನ ಹಾಸಿಗೆಯನ್ನು ನೋಡಿಕೊಂಡೇ ಒಳಗೆ ಬಂದ. ಒಳಗೆ ಬಡಗಿ ಕೆಮ್ಮುತ್ತಿದ್ದ.

"ಓಹೋ, ನಿಮಗೂ ಬಂತಾ? ಅಕ್ಕ ಮರೆತು ಬಿಟ್ಟು ಹೋದ್ಲೋ ಏನೋ."

"ಮಷೀನು ಎತ್ಕೊಂಡು ಹೊರಡು."

"ಎತ್ತೀನಿ. ಒಂದು ಮಾತು ಹೇಳಿ ಎತ್ತೀನಿ." ಹುಡುಗನ ದನಿಯಲ್ಲಿ ಈ ಸಲ ಗೇಲಿ ಇರಲಿಲ್ಲ. "ಅಕ್ಕ ಅಮ್ಮನ ಕೋಣೇಲಿ ಮಲಗ್ತಿಲ್ಲ ಭಾವ. ಹೊರಗಡೆ ಜಗುಲಿ ಮೇಲೆ ಮಲಗ್ತಾಳೆ. ಈ ಚಳೀಲಿ. ಯಾಕೆ ಅಂದ್ರೆ 'ನನ್ನ ಉಸಿರಿಗೆ ಗೋಡೆ ಕೊಳೆಯುತ್ತೆ, ಅಮ್ಮನ ಮನೇನಾದ್ರೂ ಉಳೀಲಿ' ಅಂತಾಳೆ. ಅಮ್ಮ ಕೂತು ಅಳ್ತಾಳೆ. ಆ ಫೋಟೋನ ದಿನಾ ತೆಗೆದು ನೋಡ್ತಾಳೆ ಅಕ್ಕ, ಯಾರೋ ಡಾಕ್ಟ್ರು ಕೊಟ್ಟ ರಿಪೋರ್ಟು ನೋಡಿದ ಹಾಗೆ."

ಬಡಗಿ ಹೊಲಿಗೆ ಮಷೀನಿನ ಕಡೆ ಕೈ ತೋರಿಸಿದ.

ಮಷೀನು ಭಾರ. ಹುಡುಗ ಮಂಡಿಯೂರಿ ಅದನ್ನು ಮೂಲೆಯಿಂದ ಈಚೆಗೆ ಜರುಗಿಸಿದ. ಹಿಂದಿನ ಗೋಡೆಯ ಮೇಲೆ ಚುಕ್ಕೆಗಳಿರಲಿಲ್ಲ, ಚುಕ್ಕೆಗಳೆಲ್ಲ ಕೂಡಿ ಒಂದೇ ಕಪ್ಪು ಕಂಬಳಿಯಾಗಿತ್ತು. ಏಳುವಾಗ ಆಸರೆಗೆಂದು ಗೋಡೆಗೆ ಅಂಗೈ ಊರಿದ. ಗೋಡೆ ಆಸರೆ ಕೊಡಲಿಲ್ಲ. ನೆನೆದ ಬ್ರೆಡ್ಡಿನೊಳಗೆ ಹೋದ ಹಾಗೆ ಕೈ ಮಣಿಕಟ್ಟಿನವರೆಗೂ ಒಳಗೆ ಹೋಯಿತು. ಹೊರಗೆ ತೆಗೆದಾಗ ಕೈಯಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು. ತೂತಿನಿಂದ, ಎಷ್ಟೋ ತಿಂಗಳು ಬಾಯಿ ಮುಚ್ಚಿಕೊಂಡಿದ್ದ ವಾಸನೆಯೊಂದು ಎದ್ದು ಗಾಡಿ ತುಂಬಿತು.

ಇಬ್ಬರೂ ಬಗ್ಗಿ ನೋಡಿದರು. ತೂತಿನೊಳಗೆ, ತಗಡಿನ ಮೇಲೆ, ಒಂದು ಹನಿ ಇನ್ನೊಂದನ್ನು ಹಿಡಿಯಲು ಜಾರುತ್ತಿದ್ದದ್ದು ಕಾಣುತ್ತಿತ್ತು.

"ನೀವೇ ಹೇಳಿ," ಎಂದು ಹುಡುಗ ಫೋನು ತೆಗೆದು ಅಕ್ಕನ ನಂಬರು ಒತ್ತಿದ. "ನಾನು ಹೇಳಿದ್ರೆ ನಿಮ್ಮ ಮೇಲಿನ ಸಿಟ್ಟಿಗೆ ಹೇಳ್ತಿದೀನಿ ಅಂತಾಳೆ. ಸೋರ್ತಿತ್ತು ಅನ್ನಿ. ಅಷ್ಟೇ ಸಾಕು. ಅಷ್ಟು ಹೇಳಿದ್ರೆ ಇವತ್ತು ಅವಳು ಮನೆಯೊಳಗೆ ಮಲಗ್ತಾಳೆ. ಕೈ ಮುಗೀತೀನಿ ಭಾವ."

ಫೋನಿನಲ್ಲಿ ದನಿ ಬಂತು: "ಹಲೋ? ಏನೋ, ಮಷೀನು ಸಿಕ್ತಾ?"

ಬಡಗಿ ಫೋನು ಇಸಕೊಂಡ. ತೂತನ್ನು ನೋಡಿದ. ಅವನು ಕೂಡಿಸಿದ ಹಲಗೆ, ಅವನ ಬೆಣೆ, ಅವನ ಪಾಲಿಶು, ಅದರ ನಟ್ಟನಡುವೆ ಒಬ್ಬ ತಗಡು ಬಡಿಯುವವನ ಕೈಯಚ್ಚು.

"ನಾನು," ಅಂದ. "ನಿನ್ನ ತಮ್ಮ ಗೋಡೆ ಒಡೆದು ಹಾಕಿದ."

"ಏನು?"

"ಬಂದವನೇ ಕೈ ಹಾಕಿ ತೂತು ಮಾಡಿದ. ಎರಡು ವರ್ಷದ ಕೆಲಸ."

"ಅಯ್ಯೋ ದೇವ್ರೇ," ಎಂದಳು ಅವಳು. ಆಮೇಲೆ, ಉಸಿರು ಹಿಡಿದು ಮಾತಾಡುವವರ ಸಣ್ಣ ದನಿಯಲ್ಲಿ, "ಕ್ಷಮಿಸಿ ರೀ. ಅವನ ಪರವಾಗಿ ನಾನು ಕೇಳ್ಕೋತೀನಿ. ನನ್ನಿಂದಲೇ ಇದೆಲ್ಲಾ ಆಗಿದ್ದು," ಅಂದಳು.

ಹುಡುಗ ಭಾವನ ಮುಖವನ್ನು ನೋಡಿದ. ಹೊಡೆಯುತ್ತಾನೆಂದು ಬಡಗಿ ಒಂದು ಹೆಜ್ಜೆ ಹಿಂದೆ ಸರಿದ. ಹುಡುಗ ಹೊಡೆಯಲಿಲ್ಲ. ಫೋನು ಕಸಿದುಕೊಂಡು ಜೇಬಿಗೆ ಹಾಕಿದ. ತೂತಿನ ಅಂಚಿಗೆ ಎರಡು ಕೈಯನ್ನೂ ಹಾಕಿ ಎಳೆದ. ತಟ್ಟೆಯಗಲದ ಒಂದು ಚೂರು, ಯಾವ ಸದ್ದೂ ಇಲ್ಲದೆ, ಬೆಂದ ತರಕಾರಿಯ ಹಾಗೆ ಬಂತು. ಅದರ ಬೆನ್ನಿಗೆ ಬೆರಳುದ್ದ ಬಿಳಿ ಬೂಷ್ಟು ರೋಮ ಬಿಟ್ಟಿತ್ತು. ಅದನ್ನು ಹೊಲಿಗೆ ಮಷೀನಿನ ಮೇಲಿಟ್ಟು, ಮಷೀನನ್ನು ತಬ್ಬಿ ಎತ್ತಿಕೊಂಡು, ಟೆಂಪೋಗೆ ಹಾಕಿ ಹೊರಟ.

ಮಧ್ಯಾಹ್ನದ ಹೊತ್ತಿಗೆ ಬಡಗಿಯ ಫೋನು ಮೊಳಗಿತು. ಅವನು ಹಾಸಿಗೆಯ ತನ್ನ ಅರ್ಧದ ಮೇಲೆ ಕೂತಿದ್ದ. ಹೇಳಬೇಕಾದ್ದನ್ನೆಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದ: ಆ ಒಂದು ಮೂಲೆ ಮಾತ್ರ ಹಾಗಿತ್ತು, ಉಳಿದದ್ದು ಗಟ್ಟಿಯಾಗಿದೆ, ಮಷೀನಿನ ಹಿಂದೆ ಗಾಳಿಯಾಡದೆ ಹಾಗಾಯಿತು, ಮಷೀನು ಅಲ್ಲಿಟ್ಟದ್ದು ಯಾರು?

ಹೆಂಡತಿ ಅದ್ಯಾವುದನ್ನೂ ಕೇಳಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಬಟ್ಟೆಯ ಅಳತೆ ಕೇಳುವವಳ ಹಾಗೆ ಒಂದೇ ಮಾತು ಕೇಳಿದಳು.

"ಫೋಟೋ ತೆಗೆಯೋ ಮುಂಚೆ ಎಷ್ಟು ಚೆಲ್ಲಿದ್ರಿ?"

ಅಳತೆ ಕೇಳಿದರೆ ತಪ್ಪು ಹೇಳಲು ಅವನ ಬಾಯಿಗೆ ಬರುತ್ತಿರಲಿಲ್ಲ.

"ಒಂದೂವರೆ ಲೀಟರು."

"ಒಂದೂವರೆ," ಎಂದು ಅವಳು ಬರೆದುಕೊಳ್ಳುವವಳ ಹಾಗೆ ಹೇಳಿಕೊಂಡಳು. ಆಮೇಲೆ ಫೋನಿನ ಆ ಕಡೆ ಕಿಟಕಿಯೊಂದನ್ನು ಮುಚ್ಚಿದ ಸದ್ದು, ಅತ್ತೆ ಏನೋ ಕೇಳಿದ ಸದ್ದು. "ಹ್ಞೂಂ ಅಮ್ಮ, ಒಳಗೇ ಹಾಸು," ಎಂದಳು ಅವಳು, ಅವನಿಗಲ್ಲ. ಅಷ್ಟರಲ್ಲಿ ಕರೆ ಕಡಿದುಹೋಯಿತು.